ಬೆಳಗಿನ ಪ್ರಾರ್ಥನೆ ಯಾಜಕಕಾಂಡದಲ್ಲೇ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿಗೆ ಹೋಗುತ್ತೇವೆ. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಶಿಫ್ಟ್ ಕೆಲಸ, ನನಗೆ ಬ್ಯಾಂಕಿನಲ್ಲಿ. ಮಕ್ಕಳಿಗೆ 6 ಮತ್ತು 11 ವರ್ಷ, ಸ್ಕೂಲ್ ಬಸ್ 7.40ಕ್ಕೆ ಬರುತ್ತದೆ. ಮೂರು ವರ್ಷದಿಂದ ಪ್ರತಿ ಜನವರಿ 1ಕ್ಕೆ ಸತ್ಯವೇದವನ್ನು (ಬೈಬಲ್) ಮೊದಲ ಪುಸ್ತಕ ಆದಿಕಾಂಡದಿಂದ ದಿನಕ್ಕೆ ಮೂರು ಅಧ್ಯಾಯದಂತೆ ಓದಲು ಶುರು ಮಾಡುತ್ತೇನೆ. ಫೆಬ್ರವರಿ ಹೊತ್ತಿಗೆ ನಿಂತೇಹೋಗುತ್ತದೆ. ಪ್ರಾರ್ಥನೆಗೆ ಕೂತರೆ ಒಂದೋ ತೂಕಡಿಕೆ, ಇಲ್ಲವೇ ತಲೆತುಂಬ ಅಡುಗೆಮನೆ. ಅತ್ತೆಯವರು 5 ಗಂಟೆಗೇ ಎದ್ದು ಒಂದು ತಾಸು ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಅವರನ್ನು ನೋಡಿದರೆ ನಾಚಿಕೆಯಾಗುತ್ತದೆ. ನನಗೆ 5.45ಕ್ಕಿಂತ ಮುಂಚೆ ಏಳಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಮಕ್ಕಳನ್ನೂ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ನಾಚಿಕೆಯನ್ನು ಸ್ವಲ್ಪ ಪಕ್ಕಕ್ಕಿಡಿ, ಮೊದಲು ಲೆಕ್ಕ ನೋಡೋಣ. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರರಂತೆ ಓದಿದರೆ ಆದಿಕಾಂಡದ 50 ಅಧ್ಯಾಯ ಜನವರಿ 17ಕ್ಕೆ ಮುಗಿಯುತ್ತದೆ. ಅಲ್ಲಿಯವರೆಗೆ ಕಥೆ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. 25ನೇ ತಾರೀಖಿನ ಸುಮಾರಿಗೆ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ. ಅಲ್ಲಿಂದ ಮುಂದೆ ದೇವರ ಆರಾಧನೆಯ ಗುಡಾರದ ಹಲಗೆ, ಪರದೆ, ಬಳೆ, ಕೊಂಡಿಗಳ ಅಳತೆ. ಜನವರಿ 31ಕ್ಕೆ ಮೂರನೇ ಪುಸ್ತಕ ಯಾಜಕಕಾಂಡದ 1ನೇ ಅಧ್ಯಾಯ. ಕಣ್ಣುಜ್ಜಿಕೊಂಡು ಕೂತವರ ಮುಂದೆ ಹೋಮದ ಪಶುವನ್ನು ತುಂಡು ಮಾಡುವ ಕ್ರಮ. ನೀವು ಫೆಬ್ರವರಿಯಲ್ಲಿ ನಿಲ್ಲುವುದು ನಿಮ್ಮ ವಿಶ್ವಾಸದ ದೋಷವಲ್ಲ, ಯೋಜನೆಯೇ ಹಾಗಿದೆ. ಇದೇ ಯೋಜನೆ ಹಿಡಿದ ತುಂಬಾ ಜನ ಇದೇ ಜಾಗದಲ್ಲಿ ನಿಂತಿರುತ್ತಾರೆ.

ತಪ್ಪು ಎಲ್ಲಿದೆ ಅಂದರೆ, ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೊತ್ತಿಗೆ ಕಟ್ಟಿಹಾಕಿದ್ದೀರಿ. ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಅಧ್ಯಯನ. ಅದಕ್ಕೆ ಎಚ್ಚರದ ತಲೆ, ನಕ್ಷೆ, ಅಡಿಟಿಪ್ಪಣಿ ಬೇಕು. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಡಿ. ಬೆಳಿಗ್ಗೆ ಮಾಡುವುದು ಪ್ರಾರ್ಥನೆ. ಅದಕ್ಕೆ ಬೇಕಾಗಿರುವುದು ಮೂರು ಅಧ್ಯಾಯವಲ್ಲ, ಬಾಯಿಗೆ ನಾಲ್ಕು ಮಾತು. ಈಗ ತಾನೇ ಎದ್ದವರಿಗೆ ಸ್ವಂತ ಮಾತು ಹುಟ್ಟುವುದಿಲ್ಲ, ಹುಟ್ಟಬೇಕೆಂದೂ ಇಲ್ಲ. ಮೊದಲು ಸಾಲದ ಮಾತು, ಆಮೇಲೆ ಸ್ವಂತದ್ದು. ಸತ್ಯವೇದದೊಳಗಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳ ಪುಸ್ತಕ ಇರುವುದೇ ಆ ಸಾಲ ಕೊಡುವುದಕ್ಕೆ.

ತಮಾಷೆಯೆಂದರೆ, ನೀವು ಕೈಬಿಟ್ಟ ಯಾಜಕಕಾಂಡದಲ್ಲೇ ಬೆಳಗಿನ ಪ್ರಾರ್ಥನೆಯ ಒಳ್ಳೆಯ ಪಾಠವೊಂದಿದೆ. 6:12 ನೋಡಿ: ಯಾಜಕನು ಪ್ರತಿ ಬೆಳಿಗ್ಗೆ ಯಜ್ಞವೇದಿಯ ಬೆಂಕಿಗೆ ಕಟ್ಟಿಗೆ ಹಾಕಿ, ಅದರ ಮೇಲೆ ಹೋಮದ್ರವ್ಯವನ್ನು ಕ್ರಮವಾಗಿ ಇಡಬೇಕು. ಈ 'ಕ್ರಮವಾಗಿ ಇಡು' ಎಂಬುದಕ್ಕೆ ಹೀಬ್ರೂವಿನಲ್ಲಿರುವ ಕ್ರಿಯಾಪದವೇ ಕೀರ್ತನೆ 5:3ರಲ್ಲೂ ಇದೆ. ಹೊತ್ತಾರೆ ನಿನ್ನ ಮುಂದೆ ಪ್ರಾರ್ಥನೆಯನ್ನು ಜೋಡಿಸಿಟ್ಟು ಎದುರುನೋಡುತ್ತೇನೆ ಎಂಬ ಭಾವ. ಅಬ್ರಹಾಮ ಕಟ್ಟಿಗೆ ಜೋಡಿಸಿದ್ದಕ್ಕೂ (ಆದಿಕಾಂಡ 22:9) ಅದೇ ಪದ. ಕಟ್ಟಿಗೆಯಿಲ್ಲದೆ ಒಲೆಯ ಮುಂದೆ ಕೂತು ಬೆಂಕಿ ಹತ್ತಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಕಟ್ಟಿಗೆ ಜೋಡಿಸುವ ಕೆಲಸ ಹಿಂದಿನ ರಾತ್ರಿಯದು. ಐದು ನಿಮಿಷ ಸಾಕು. ನಾಳೆ ಓದುವ ಕೀರ್ತನೆಗೆ ಒಂದು ದಾರ, ಸುವಾರ್ತೆಯ (ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದರ) ಭಾಗಕ್ಕೆ ಇನ್ನೊಂದು ದಾರ ಹಾಕಿ ಸತ್ಯವೇದವನ್ನು ಕುರ್ಚಿಯ ಪಕ್ಕದಲ್ಲಿಡಿ. ಮೇಲೊಂದು ನೂರು ಪುಟದ ನೋಟ್‌ಬುಕ್ಕು, ಬರೆಯುವ ಪೆನ್ನು. ಜಾಗ ಪ್ರತಿದಿನ ಅದೇ ಇರಲಿ, ಹಾಸಿಗೆಯ ಮೇಲೆ ಮಾತ್ರ ಬೇಡ. ಹಾಸಿಗೆ ದೇಹಕ್ಕೆ ಕಲಿಸಿರುವುದು ಒಂದೇ ಪಾಠ, ನಿದ್ದೆ. ಫೋನನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಅಲಾರಂಗೆ ಒಂದು ಸಾದಾ ಗಡಿಯಾರ ತನ್ನಿ. ಫೋನಿನಲ್ಲಿ ಸತ್ಯವೇದ ಓದುವುದು ಪಾಪವೇನಲ್ಲ. ಆದರೆ ಓದುವ ಪರದೆಯ ನೆತ್ತಿಯ ಮೇಲೇ ಶಾಲೆಯ ವಾಟ್ಸ್ಯಾಪ್ ಗುಂಪಿನ ಸಂದೇಶ ಇಳಿಯುತ್ತದೆ, ಅಲ್ಲಿಗೆ ಆ ಬೆಳಗಿನ ಪ್ರಾರ್ಥನೆ ಮುಗಿಯಿತು. ಬೇರೆ ದಾರಿ ಇಲ್ಲದಿದ್ದರೆ ಫ್ಲೈಟ್ ಮೋಡ್ ಹಾಕಿಕೊಂಡು ಓದಿ.

ಏಳುವ ಹೊತ್ತು 5.45 ಇದ್ದದ್ದು 5.35 ಆಗಲಿ, ಅಷ್ಟೇ. ಅತ್ತೆಯವರನ್ನು ನೋಡಿ 5ಕ್ಕೆ ಏಳಲು ಹೊರಟರೆ ನಾಲ್ಕನೇ ದಿನ ನಿದ್ದೆಗೆಟ್ಟು, ಸಿಟ್ಟು ಮಕ್ಕಳ ಮೇಲೆ ಹೋಗುತ್ತದೆ. ಅವರು ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾರೆಂದು ನೋಡಿದ್ದೀರಾ? ಆ ಒಂದು ತಾಸೂ ಒಂದೇ ದಿನದಲ್ಲಿ ಬಂದದ್ದಲ್ಲ. ಮೊದಲ ತಿಂಗಳು ನಿಮಗೆ 12 ನಿಮಿಷ ಸಾಕು: ಸುಮ್ಮನೆ ಕೂರಲು ಒಂದು, ಕೀರ್ತನೆಗೆ ಮೂರು, ಸುವಾರ್ತೆಗೆ ಮೂರು, ನಿಮ್ಮ ಸ್ವಂತ ಪ್ರಾರ್ಥನೆಗೆ ನಾಲ್ಕು, ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಗೆ ಒಂದು. ಹೊತ್ತು ಸಾಲುತ್ತಿಲ್ಲ ಎನಿಸತೊಡಗಿದಾಗ 20ಕ್ಕೆ ಏರಿಸಿ, ಅದಕ್ಕೂ ಮುಂಚೆ ಬೇಡ.

ಮೊದಲ ನಿಮಿಷದಲ್ಲಿ ಮಾಡಲು ಏನೂ ಇಲ್ಲ. ಮುಖ ತೊಳೆದು, ನೀರು ಕುಡಿದು, ಕೂತು, ಯಾರ ಮುಂದೆ ಕೂತಿದ್ದೀರೆಂದು ನೆನೆಯುವುದು. 'ತಂದೆಯೇ, ಬಂದಿದ್ದೇನೆ' ಎಂದರೆ ಸಾಕು.

ಆಮೇಲೆ ಕೀರ್ತನೆ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು: ಬಾಯಿಬಿಟ್ಟು ಓದಿ. ಮೊದಲನೆಯ ಕೀರ್ತನೆಯಲ್ಲಿ ಹಗಲಿರುಳು ಧರ್ಮಶಾಸ್ತ್ರವನ್ನು 'ಧ್ಯಾನಿಸುವವನು' ಧನ್ಯನು ಎಂದಿದೆಯಲ್ಲ, ಕನ್ನಡದಲ್ಲಿ ಧ್ಯಾನ ಎಂದೊಡನೆ ಕಣ್ಣುಮುಚ್ಚಿ ಮೌನವಾಗಿ ಕೂತ ಚಿತ್ರ ಬರುತ್ತದೆ. ಮೂಲದ ಹೀಬ್ರೂ ಪದಕ್ಕೆ ಸದ್ದಿದೆ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹ ಗುರುಗುಟ್ಟುವುದಕ್ಕೂ, 38:14ರಲ್ಲಿ ಪಾರಿವಾಳ ನರಳುವುದಕ್ಕೂ ಅದೇ ಪದ. ಅಂದರೆ ಗುನುಗುವುದು, ಮಾತನ್ನು ಬಾಯಲ್ಲಿಟ್ಟು ಹೊರಳಿಸುವುದು. ನಿಮ್ಮ ತೂಕಡಿಕೆಗೆ ಅರ್ಧ ಮದ್ದು ಇಲ್ಲೇ ಸಿಗುತ್ತದೆ. ಮಕ್ಕಳು ಏಳದಷ್ಟು ಮೆಲ್ಲಗೆ, ನಿಮ್ಮ ಕಿವಿಗೆ ಬೀಳುವಷ್ಟು ಜೋರಾಗಿ ಓದಿ. ಮಿಕ್ಕರ್ಧ ಮದ್ದು ಎದ್ದು ನಿಲ್ಲುವುದು. ಮೊಣಕಾಲೂರಿದರೆ ಮಾತ್ರ ಭಕ್ತಿ ಎಂದೇನಿಲ್ಲ. ಕ್ರಿ.ಶ. 325ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ನಿಕೇಯ ಮಹಾಸಭೆಯ 20ನೇ ನಿಯಮ ಭಾನುವಾರಗಳಂದು, ಪುನರುತ್ಥಾನದ ಹಬ್ಬದಿಂದ (ಈಸ್ಟರ್) ಐವತ್ತನೇ ದಿನದ ಪಂಚಾಶತ್ತಮ ಹಬ್ಬದವರೆಗಿನ ದಿನಗಳಂದು ನಿಂತೇ ಪ್ರಾರ್ಥಿಸಬೇಕೆಂದು ಹೇಳುತ್ತದೆ.

ಯಾವ ಕೀರ್ತನೆ? ಮೊದಲು ಈ ಹನ್ನೆರಡನ್ನು ದಿನಕ್ಕೊಂದರಂತೆ ಎರಡು ಸುತ್ತು ಓದಿ: 3, 5, 19, 23, 27, 63, 90, 95, 100, 121, 130, 143. ಬೆಳಗಿನ ವಾಸನೆ ಇವುಗಳಲ್ಲಿ ಹಲವಕ್ಕಿದೆ. ಮೂರನೆಯದರಲ್ಲಿ ಮಲಗಿ ನಿದ್ದೆಮಾಡಿ ಎಚ್ಚೆತ್ತ ಸಮಾಧಾನ, 90ರಲ್ಲಿ ಮುಂಜಾನೆಯೇ ನಿನ್ನ ಪ್ರೀತಿಯಿಂದ ತೃಪ್ತಿಪಡಿಸು ಎಂಬ ಬೇಡಿಕೆ, 130ರಲ್ಲಿ ಬೆಳಗಾಗುವುದನ್ನೇ ಕಾಯುವ ಕಾವಲುಗಾರರು. ಎರಡನೇ ಸುತ್ತಿಗೆ ಕೆಲವು ಸಾಲು ಪುಸ್ತಕ ನೋಡದೆಯೇ ಬಾಯಿಗೆ ಬರುತ್ತವೆ. 24 ದಿನ ಕಳೆದ ಮೇಲೆ 1ರಿಂದ ಸಾಲಾಗಿ ಹೋಗಿ. 119 ಮಾತ್ರ 176 ವಚನದ್ದು, ಒಂದೇ ಬೆಳಿಗ್ಗೆಗೆ ಅದು ಹೊರೆ. ಅದರೊಳಗೇ ಎಂಟೆಂಟು ವಚನದ 22 ಭಾಗಗಳಿವೆ, ಹಾಗೇ ತಗೊಳ್ಳಿ. ಒಟ್ಟು 171 ದಿನಕ್ಕೆ ಇಡೀ ಪುಸ್ತಕ ಮುಗಿಯುತ್ತದೆ.

88ನೆಯದನ್ನು ಹಾರಿಸಬೇಡಿ. ಉದಯದಲ್ಲೇ ನನ್ನ ಮೊರೆ ನಿನ್ನ ಮುಂದೆ ಬರುತ್ತದೆ ಎನ್ನುವ ಮಾತು ಅಲ್ಲೂ ಇದೆ (ವಚನ 13). ಆದರೂ ಆ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಉತ್ತರ ಬರುವುದಿಲ್ಲ. ಪ್ರಾರ್ಥಿಸಿದರೂ ಏನೂ ಅನ್ನಿಸದ ಬೆಳಗುಗಳಿಗೆ ಸತ್ಯವೇದದಲ್ಲೇ ಜಾಗ ಇದೆಯೆಂದು ಗೊತ್ತಿದ್ದರೆ, ಅಂಥ ದಿನ ಬಂದಾಗ ಗಾಬರಿಯಾಗುವುದಿಲ್ಲ. ಇದಕ್ಕೊಂದು ಸೇರಿಸಬೇಕು: ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಮನಸ್ಸು ಕುಗ್ಗಿಯೇ ಇದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಅದು ಅವಿಶ್ವಾಸವಲ್ಲ.

ಸುವಾರ್ತೆಗೆ ಮಾರ್ಕನಿಂದ ಶುರು ಮಾಡಿ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಸುಮಾರು ಹನ್ನೆರಡು ವಚನದಂತೆ ಎಂಟು ವಾರಕ್ಕೆ ಬರುತ್ತದೆ. ವಚನ ಎಣಿಸುವುದಕ್ಕಿಂತ ಮುದ್ರಿತ ಉಪಶೀರ್ಷಿಕೆಯಿಂದ ಉಪಶೀರ್ಷಿಕೆಗೆ ಒಂದು ದಿನ ಎಂದಿಟ್ಟುಕೊಂಡರೆ ಇನ್ನೂ ಸಲೀಸು. ಓದಿದ ಮೇಲೆ ಪುಸ್ತಕ ಮುಚ್ಚಿಬಿಡಬೇಡಿ. ಪ್ರಾರ್ಥನೆ ಹುಟ್ಟುವುದು ಅಲ್ಲಿಂದಲೇ.

ಹೇಗೆಂದು ತೋರಿಸುತ್ತೇವೆ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗೆ, ಪ್ರಾರ್ಥನೆ ಹೇಗೆ ಮಾಡಬೇಕೆಂದು ಅವನು ಕೇಳಿದ್ದಕ್ಕೆ, ಉದ್ದ ಪತ್ರ ಬರೆದ. ಒಂದು ಮಾತನ್ನು ಹಿಡಿದು ನಾಲ್ಕು ಎಳೆಯ ಮಾಲೆ ಮಾಡು ಎಂದ: ಇದು ಏನು ಕಲಿಸುತ್ತದೆ, ಯಾವುದಕ್ಕೆ ಸ್ತೋತ್ರ ಸಲ್ಲಿಸಲಿ, ಯಾವ ತಪ್ಪನ್ನು ಅರಿಕೆ ಮಾಡಲಿ, ಏನು ಬೇಡಲಿ. ಮಾರ್ಕ 1:35–39ನ್ನು ತೆಗೆದುಕೊಳ್ಳಿ. ಯೇಸು ಇನ್ನೂ ಮೊಬ್ಬಿರುವಾಗಲೇ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ.

ಕಲಿಸುವುದು: ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು (ವಚನ 33). ಕೆಲಸ ಮುಗಿದ ಮೇಲೆ ಪ್ರಾರ್ಥಿಸೋಣ ಅಂದುಕೊಂಡಿದ್ದರೆ ಆ ಹೊತ್ತು ಬರುತ್ತಲೇ ಇರಲಿಲ್ಲ. ಸ್ತೋತ್ರ: 'ಕರ್ತನೇ, ದಣಿವು ಏನೆಂದು ನಿನಗೆ ಗೊತ್ತು. ನನ್ನ ದಣಿವನ್ನು ನಿನಗೆ ವಿವರಿಸಿ ಹೇಳಬೇಕಾಗಿಲ್ಲ, ಅದಕ್ಕಾಗಿ ಸ್ತೋತ್ರ.' ಅರಿಕೆ: 'ಯಾರು ನನ್ನನ್ನು ಹುಡುಕುತ್ತಿದ್ದಾರೆಂದು ನೋಡುವುದಕ್ಕೇ ಕಣ್ಣುಬಿಟ್ಟೊಡನೆ ಫೋನ್ ತೆಗೆಯುತ್ತೇನೆ. ಕ್ಷಮಿಸು.' ಬೇಡಿಕೆ ಇರುವುದು ಕಥೆಯ ಕೊನೆಯಲ್ಲಿ. ಎಲ್ಲರೂ ಹುಡುಕುತ್ತಿದ್ದರೂ ಯೇಸು ಆ ಊರಿಗೆ ಮರಳಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಎಂದ. 'ಇಂದು ಯಾವ ಕೆಲಸಕ್ಕೆ ಹೂಂ, ಯಾವುದಕ್ಕೆ ಬೇಡ ಅನ್ನಬೇಕೆಂದು ತಿಳಿಸಿಕೊಡು.' ನಾಲ್ಕು ಎಳೆಗೂ ಸೇರಿ ಎರಡೇ ನಿಮಿಷ ಹಿಡಿಯಿತು. ಎಲ್ಲ ದಿನವೂ ನಾಲ್ಕೂ ಎಳೆ ಸಿಗುವುದಿಲ್ಲ. ಒಂದು ಸಿಕ್ಕರೂ ಸಾಕು. ಮಧ್ಯದಲ್ಲಿ ಒಂದು ಮಾತು ಹಿಡಿದು ನಿಲ್ಲಿಸಿದರೆ ಮುಂದೆ ಹೋಗದೆ ಅಲ್ಲೇ ನಿಂತು ಕೇಳು ಎಂದೂ ಲೂಥರ್ ಹೇಳಿದ್ದಾನೆ.

ಇನ್ನು ತಲೆಗೆ ನುಗ್ಗುವ ಅಡುಗೆಮನೆ. ಲೂಥರ್ ಇದಕ್ಕೆ ಕ್ಷೌರಿಕನ ಕಸುಬನ್ನೇ ಉದಾಹರಣೆ ಕೊಟ್ಟ: ಕತ್ತಿ ಕೈಯಲ್ಲಿ ಹಿಡಿದು ಮನಸ್ಸನ್ನು ಬೇರೆಲ್ಲೋ ಬಿಟ್ಟರೆ ಗಿರಾಕಿಯ ಮೂಗೇ ಹೋದೀತು. ಸರಿ, ಆದರೆ ಗಮನ ಇಡು ಎಂದ ಮಾತ್ರಕ್ಕೆ ಗಮನ ಬರುವುದಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟ ಅದಕ್ಕೇ ಇರಲಿ. 'ಗ್ಯಾಸ್ ಬುಕ್ ಮಾಡಬೇಕು' ಎಂದು ನೆನಪಾಯಿತೇ, ಅಲ್ಲಿ ಎರಡು ಪದ ಗೀಚಿ ವಾಪಸ್ ಬನ್ನಿ. ಬರೆದಿಟ್ಟ ಮೇಲೆ ತಲೆ ಅದನ್ನು ಹೊತ್ತುಕೊಂಡಿರುವುದಿಲ್ಲ. ನುಗ್ಗಿದ್ದು ವಸ್ತುವಲ್ಲ, ಮನುಷ್ಯರಾಗಿದ್ದರೆ, ನಿನ್ನೆ ಬ್ಯಾಂಕಿನಲ್ಲಿ ಚುಚ್ಚಿ ಮಾತಾಡಿದ ಸಹೋದ್ಯೋಗಿ ಅನ್ನಿ, ಓಡಿಸಬೇಡಿ. ಅವರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸಿ. ಅಂದಿನ ಪ್ರಾರ್ಥನೆಯ ನಿಜವಾದ ವಿಷಯ ಬಹುಶಃ ಅವರೇ.

ಇತರರಿಗಾಗಿ ಮಾಡುವ ಪ್ರಾರ್ಥನೆಗೆ ಪಟ್ಟಿ ಬೇಕು. ಪಟ್ಟಿ ಇಲ್ಲದಿದ್ದರೆ ಎರಡರಲ್ಲಿ ಒಂದಾಗುತ್ತದೆ: 'ಎಲ್ಲರನ್ನೂ ಆಶೀರ್ವದಿಸು' ಎಂದು ಯಾರನ್ನೂ ನೆನೆಯದೆ ಮುಗಿಸುವುದು, ಇಲ್ಲವೇ ಐವತ್ತು ಹೆಸರು ಹಾಜರಿ ಕರೆದಂತೆ ಓದುವುದು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಮೂರೇ ಹೆಸರು, ವಾರಕ್ಕೆ 18. ಎಡಕ್ಕೆ ಹೆಸರು ಮತ್ತು ತಾರೀಖು, ಬಲಕ್ಕೆ ಖಾಲಿ ಜಾಗ. ಏನಾಯಿತೆಂದು ಅಲ್ಲಿ ಬರೆಯುತ್ತಾ ಹೋಗಿ. ಭಾನುವಾರ ಆ ಬಲಬದಿಯನ್ನು ಓದಿ ಸ್ತೋತ್ರ ಮಾತ್ರ ಸಲ್ಲಿಸಿ.

ಕೊನೆಗೆ ಕರ್ತನ ಪ್ರಾರ್ಥನೆ. ದಿನಕ್ಕೆ ಮೂರು ಸಾರಿ ಇದನ್ನು ಹೇಳಬೇಕೆಂಬ ಸೂಚನೆ ಆದಿಸಭೆಯ ಕಾಲದ ದಿದಖೆ ಎಂಬ ಬರಹದಲ್ಲೇ ಸಿಗುತ್ತದೆ. ಕಂಠಪಾಠ ಇರುವುದೇ ಇದರ ತೊಂದರೆ, ಹದಿನೈದು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಒಂದೊಂದು ಬೇಡಿಕೆಗೂ ಒಂದು ಉಸಿರು ತೆಗೆದುಕೊಂಡು ಹೇಳಿ.

ಕಥೋಲಿಕ ಓದುಗರಿಗೆ ಒಂದು ಮಾತು: ಕರ್ತನ ಪ್ರಾರ್ಥನೆಗೆ ಮುಂಚೆ ಜಕರೀಯನ ಸ್ತುತಿಗೀತೆಯನ್ನು (ಲೂಕ 1:68–79) ಸೇರಿಸಬಹುದು. ನಿಮ್ಮ ಸಭೆಯ ಪ್ರಾತಃಕಾಲದ ಪ್ರಾರ್ಥನಾವಿಧಿಯಲ್ಲಿ ಅದು ಪ್ರತಿದಿನ ಬರುತ್ತದೆ, ಕೊನೆಯಲ್ಲಿ ಅರುಣೋದಯದ ಮಾತೇ ಇದೆ.

'ದಿನದ ವಚನ'ದ ವಿಷಯ. ವಾಟ್ಸ್ಯಾಪಿನಲ್ಲಿ ಬರುವ ಹೂವಿನ ಚಿತ್ರದ ವಚನವನ್ನೇ ಬೆಳಗಿನ ಧ್ಯಾನ ಎಂದುಕೊಂಡವರು ಬಹಳ ಜನ. ದಿನಕ್ಕೊಂದು ವಚನ ಎಂಬ ಕಲ್ಪನೆ ಕೆಟ್ಟದ್ದಲ್ಲ, ಹಳೆಯದು ಕೂಡ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರೇವಿಯನ್ ಸಭೆಯವರು 1728ರಲ್ಲಿ ಶುರು ಮಾಡಿದರು, 1731ರಿಂದ ಅದು ವರ್ಷವರ್ಷವೂ ಅಚ್ಚಾಗುತ್ತಿದೆ. ಅಲ್ಲಿ ಹಳೆ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಜೊತೆಗಿಡುತ್ತಾರೆ. ಚೀಟಿಗೆ ಮುಖದಾಕ್ಷಿಣ್ಯ ಗೊತ್ತಿಲ್ಲ, ಗದರಿಕೆಯ ವಚನವೂ ಬರಬಹುದು. ವಚನ ಅಚ್ಚಾದ ನಮ್ಮ ವಾಗ್ದಾನ ಕಾರ್ಡುಗಳಿಗೆ ಸಿಹಿ ಮಾತ್ರ ಬೇಕು. ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎನ್ನುವ ಯೆರೆಮೀಯ 29:11 ಎಷ್ಟು ಮನೆಯ ಗೋಡೆಯ ಮೇಲಿಲ್ಲ! ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಸೆರೆಯ ಮಾತಿದೆ, ಅದನ್ನು ಯಾರೂ ಫ್ರೇಮು ಹಾಕಿಸುವುದಿಲ್ಲ. ಒಂಟಿ ವಚನ ಬಂದರೆ ಅದರ ಮುಂದಿನ ಐದು, ಹಿಂದಿನ ಐದು ವಚನ ಓದುವ ಅಭ್ಯಾಸ ಇಟ್ಟುಕೊಳ್ಳಿ.

ತಪ್ಪಿದ ದಿನಗಳು ಬಂದೇ ಬರುತ್ತವೆ. ನಲ್ಲಿಯಲ್ಲಿ ನೀರು ಬಿಟ್ಟ ಬೆಳಿಗ್ಗೆ ಯಾರ ಮನೆಯಲ್ಲೂ 12 ನಿಮಿಷ ಉಳಿಯುವುದಿಲ್ಲ. ಅಂಥ ದಿನಕ್ಕೆ ಚಿಕ್ಕ ಕ್ರಮ ಇರಲಿ: ಬಾಯಿಗೆ ಬರುವ ಒಂದು ಕೀರ್ತನೆ, ಒಂದು ಕರ್ತನ ಪ್ರಾರ್ಥನೆ, ನಾಲ್ಕು ನಿಮಿಷ, ಬಿಂದಿಗೆ ತುಂಬುತ್ತಲೇ ಆದರೂ ಸರಿ. ಪೂರ್ತಿ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ. ಜನವರಿಯ ಯೋಜನೆ ಮುರಿಯುವುದಕ್ಕೆ ಗುಡಾರದ ಅಳತೆ ಒಂದು ಕಾರಣವಾದರೆ, ಎರಡು ದಿನ ತಪ್ಪಿಸಿಕೊಂಡು ಮೂರನೇ ದಿನ ಒಂಬತ್ತು ಅಧ್ಯಾಯ ಮುಂದಿಟ್ಟುಕೊಂಡು ಕೂರುವುದು ಇನ್ನೊಂದು. ತಾರೀಖು ಹಾಕಿದ ಪಟ್ಟಿಯೇ ಬೇಡ, ದಾರ ಎಲ್ಲಿದೆಯೋ ಅಲ್ಲಿಂದ ಮುಂದೆ ಹೋಗಿ. ಸತತ ಎಷ್ಟು ದಿನ ಓದಿದಿರಿ ಎಂದು ಎಣಿಸುವ ಆ್ಯಪುಗಳೂ ಇದೇ ಕಾರಣಕ್ಕೆ ಬೇಡ. ಒಂದು ದಿನ ಜ್ವರ ಬಂದರೆ ಎಣಿಕೆ ಸೊನ್ನೆಗೆ ಬೀಳುತ್ತದೆ, ಜೊತೆಗೆ ಮನಸ್ಸೂ.

ಮಕ್ಕಳನ್ನು ಈ 12 ನಿಮಿಷಕ್ಕೆ ಎಳೆಯಬೇಡಿ. ಒಂದು ಸಾಕ್ಸ್ ಸಿಗದೆ ಮನೆಯೆಲ್ಲ ಹುಡುಕುವ ಹೊತ್ತಿನಲ್ಲಿ ಕುಟುಂಬ ಪ್ರಾರ್ಥನೆ ಮಾಡಿಸಿದರೆ ಮಕ್ಕಳಿಗೆ ಉಳಿಯುವುದು ಗದರಿಕೆಯ ನೆನಪು. ಕುಟುಂಬ ಪ್ರಾರ್ಥನೆ ರಾತ್ರಿ ಊಟದ ಮುಂಚೆಯೇ ಚೆನ್ನ: ಒಂದು ಗೀತೆಯ ಒಂದೇ ಚರಣ, ದೊಡ್ಡವರು ಓದುವ ಬದಲು 11 ವರ್ಷದವರು ಓದುವ ಆರೇಳು ವಚನ, 6 ವರ್ಷದವರ ಒಂದು ವಾಕ್ಯದ ಪ್ರಾರ್ಥನೆ, ಒಟ್ಟು ಏಳೆಂಟು ನಿಮಿಷ. ಹಳೆಯ ಅನುವಾದದ ಭಾಷೆ ಅವರಿಗೆ ತೊಡಕಾದರೆ ಸರಳ ಕನ್ನಡದ ಅನುವಾದ ಕೊಡಿ. ಆದರೆ ಕಂಠಪಾಠ ಮಾಡುವುದು ಮಾತ್ರ ಸಭೆಯಲ್ಲಿ ಕೇಳುವ ಪಾಠವೇ ಆಗಿರಲಿ, ಇಲ್ಲದಿದ್ದರೆ ಭಾನುವಾರ ನಾಲಿಗೆ ತೊಡರುತ್ತದೆ. 'ಕರ್ತನೇ, ಇವನು ಮೊಬೈಲು ಬಿಟ್ಟು ಗಣಿತ ಮಾಡುವಂತೆ ಸಹಾಯಮಾಡು' ಎಂಬಂಥ ಪ್ರಾರ್ಥನೆ ದಯವಿಟ್ಟು ಬೇಡ. ಅದು ದೇವರ ಕಡೆ ಮುಖಮಾಡಿ ಮಗನಿಗೆ ಬೈದದ್ದು ಎಂದು ಮಗನಿಗೂ ತಿಳಿಯುತ್ತದೆ.

ಬೆಳಿಗ್ಗೆ ಮಕ್ಕಳಿಗೆ ಬಾಗಿಲಲ್ಲಿ ಅರ್ಧ ನಿಮಿಷ ಸಾಕು. ಅರಣ್ಯಕಾಂಡ 6:24–26ರ ಆಶೀರ್ವಾದ ಮೂರೇ ವಚನ. ಹೀಬ್ರೂವಿನಲ್ಲಿ ಮೊದಲ ಸಾಲಿಗೆ ಮೂರು ಪದ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಏಳು. ಹೇಳುತ್ತಾ ಹೋದಂತೆ ಆಶೀರ್ವಾದವೇ ಅಗಲವಾಗುತ್ತದೆ. ಬ್ಯಾಗು ಹೆಗಲಿಗೇರಿದ ಮೇಲೆ ತಲೆಯ ಮೇಲೆ ಕೈಯಿಟ್ಟು ಹೇಳಿ. ಈ ಕೆಲಸವನ್ನು ಅತ್ತೆಯವರಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು, ನಿಮಗೆ ಡಬ್ಬಿ ಕಟ್ಟುವುದಿರುತ್ತದೆ.

ನಿಮ್ಮ ಮನೆಯವರ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ 7ಕ್ಕೆ ಬಂದವರನ್ನು ಪ್ರಾರ್ಥನೆಗೆ ಕೂರಿಸಬೇಡಿ, ಮಲಗಲಿ. ಅವರು ಯಾವಾಗ ಏಳುತ್ತಾರೋ ಆಗಲೇ ಅವರ ಹೊತ್ತಾರೆ. ಮಧ್ಯಾಹ್ನ 2ಕ್ಕೆ ಎದ್ದರೂ ಕ್ರಮ ಇದೇ. ಪಾಳಿಗೆ ಹೊರಡುವ ಸಂಜೆಗಳಿಗೆ 134ನೇ ಕೀರ್ತನೆ ಇದೆ. ಇರುಳಿನಲ್ಲಿ ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡುವವರಿಗೆಂದೇ ಇರುವ ಮೂರು ವಚನಗಳು. ಒಂದು ಚೀಟಿಯಲ್ಲಿ ಬರೆದು ಡ್ಯೂಟಿ ಬ್ಯಾಗಿನಲ್ಲಿ ಇಟ್ಟುಬಿಡಿ.